ಮನೆಯವರು ಇದ್ದಾರಾ?

ಟಕ್ವಿಲಾ, ಅಮೆರಿಕ
ಫೆಬ್ರವರಿ 8, 2026

ಶರ್ವಾಣಿಯ ಅಪ್ಪನಿಗೆ,

ನಾನು ವಸಂತಲಕ್ಷ್ಮಿ. ಕೈಬರಹ ಮರೆತಿರಬಹುದೆಂದು ಹೆಸರು ಹೇಳುತ್ತಿದ್ದೇನೆ. ಎಂಟು ವರ್ಷದ ಮೇಲೆ ಬರೆಯುತ್ತಿರುವ ಈ ಪತ್ರ ಕುಶಲ ಕೇಳುವುದಕ್ಕಲ್ಲ. ನಿಮ್ಮಿಂದ ಒಂದು ಕಾಗದ ಬೇಕಾಗಿದೆ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದವಳು ಶರ್ವಾಣಿ. ಗಂಡನ ಹೆಸರನ್ನು ನಾನು ಬಾಯಲ್ಲೂ ಹೇಳಿದವಳಲ್ಲ, ಕೈಯಲ್ಲೂ ಬರೆದವಳಲ್ಲ. ಸಿಟ್ಟು ಬಂದಿದೆ ಎಂದು ಅಮ್ಮ ಕಲಿಸಿದ್ದನ್ನು ಬಿಡುವುದಕ್ಕಾಗುತ್ತದೆಯೇ?

ವಿಷಯಕ್ಕೆ ಬರುತ್ತೇನೆ. ಅಪ್ಪನ ಸೈಟಿನ ವಿಚಾರ ಮುಗಿಸಿಕೊಂಡು ಎರಡೇ ತಿಂಗಳಲ್ಲಿ ಬರುತ್ತೇನೆಂದು ನೀವು ಮೈಸೂರಿಗೆ ಹೋದಿರಲ್ಲ, ಅದಾದ ವರ್ಷ ನನಗೆ ಇಲ್ಲಿನ ವಸತಿ ಕಚೇರಿಯಿಂದ ವೋಚರು ಸಿಕ್ಕಿತು. ಅಂದರೆ ಬಾಡಿಗೆಯಲ್ಲಿ ನನ್ನ ಸಂಬಳಕ್ಕೆ ತಕ್ಕಷ್ಟು ನಾನು ಕೊಡುವುದು, ಉಳಿದದ್ದನ್ನು ಕಚೇರಿಯವರು ಕೊಡುವುದು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ನಾನು ಎರಡು ಕೋಣೆಯ ಮನೆಯಲ್ಲಿ ಮಗಳೊಂದಿಗೆ ಮರ್ಯಾದೆಯಾಗಿ ಇರುವುದು ಅದರಿಂದಲೇ. ಈ ವರ್ಷ ನಿಯಮಗಳು ಬದಲಾಗಿವೆ. ಮನೆಯಲ್ಲಿರುವ ದೊಡ್ಡವರ ಹೆಸರು, ವರಮಾನ, ಆಸ್ತಿ ಎಲ್ಲವನ್ನೂ ಹೊಸದಾಗಿ ಬರೆಸಬೇಕು. ಕಾಗದಗಳ ಇಂಗ್ಲಿಷು ನನಗೆ ಅರ್ಥವಾಗಲಿಲ್ಲ. ಶರ್ವಾಣಿ, "ಅಮ್ಮಾ, ಜಸ್ಟ್ ಟಿಕ್ ಕನ್ನಡ. ದೆ ಹ್ಯಾವ್ ಟು ಗಿವ್ ಯೂ ಆ್ಯನ್ ಇಂಟರ್‌ಪ್ರೆಟರ್" ಎಂದಳು. ಟಿಕ್ ಮಾಡಿದೆ. ಅಲ್ಲೇ ಕೆಟ್ಟಿತು.

ಒಂದು ಬೆಳಗ್ಗೆ ಫೋನು ಬಂತು. ಒಂದು ಕಡೆ ಕಚೇರಿಯ ಅಧಿಕಾರಿ ಕೆಲ್ವಿನ್, ಇನ್ನೊಂದು ಕಡೆ ಯಾವುದೋ ಊರಿನಲ್ಲಿ ಕುಳಿತ ಸ್ವಪ್ನಾ ಎಂಬ ದುಭಾಷಿ. ಅವಳು ಧಾರವಾಡದವಳು. ಕೆಲ್ವಿನ್ ಇಂಗ್ಲಿಷಿನಲ್ಲಿ ಏನೋ ಕೇಳಿದ. ಅವಳು, "ಬಾಯಾರ, ಮನಿಯವರು ಅದಾರೇನ್ರಿ?" ಎಂದಳು.

ನಾನು ಏನು ಹೇಳಬೇಕಿತ್ತು? ಕತ್ತಿನಲ್ಲಿ ತಾಳಿ ಇಟ್ಟುಕೊಂಡು, ಮನೆಯವರು ಇಲ್ಲ ಎಂದು ಬೆಳಗಾಗೆದ್ದು ಯಾವ ಬಾಯಲ್ಲಿ ಹೇಳಲಿ? "ಇದ್ದಾರೆ" ಎಂದೆ. "ಚೆನ್ನಾಗಿದಾರೆ" ಎಂದೂ ಸೇರಿಸಿದೆ. ನೀವು ಹೇಗಿದ್ದೀರೋ ನನಗೇನು ಗೊತ್ತು. ಅವಳು ಕೇಳಿದ್ದು ಗಂಡನನ್ನಲ್ಲ, ಮನೆಯಲ್ಲಿ ಬೇರೆ ಯಾರಾದರೂ ವಾಸವಿದ್ದಾರೆಯೇ ಎಂದು. ನನಗೆ ಹೊಳೆಯುವಷ್ಟರಲ್ಲಿ, ಟಕ್ವಿಲಾದ ಮನೆಯಲ್ಲಿ ಗಟ್ಟಿಮುಟ್ಟಾದ ಗಂಡಸೊಬ್ಬ ಇದ್ದಾನೆಂದು ನನ್ನ ಫೈಲಿಗೆ ಸೇರಿಹೋಗಿತ್ತು.

ಮರುದಿನ ತಿದ್ದಿಸಲು ಫೋನು ಮಾಡಿದರೆ ಸ್ವಪ್ನಾ, "ಹಂಗಾರ ಮನಿಯವರು ಇಲ್ಲೇನ್ರಿ?" ಎಂದಳು. "ಅಯ್ಯೋ, ಬಿಡ್ತು ಅನ್ರೀ!" ಎಂದು ಕೂಗಿಕೊಂಡೆ. ಅವಳು ಅದನ್ನು ಹೇಗೆ ಅನುವಾದಿಸಿದಳೋ, 'ಈ ವಿಚಾರವನ್ನು ಕೈಬಿಡಬೇಕೆಂದು ಬಾಡಿಗೆದಾರರು ಕೋರಿದ್ದಾರೆ' ಎಂದು ಕೆಲ್ವಿನ್ ಬರೆದುಕೊಂಡ. ಈಗ ಅನುಮಾನ ಇನ್ನೂ ಹೆಚ್ಚಾಗಿದೆ. ಇಷ್ಟು ವರ್ಷ ಗಂಡನನ್ನು ಬಚ್ಚಿಟ್ಟಿದ್ದೇನೆಂದು ನೋಟಿಸು ಬಂದಿದೆ. ಏಪ್ರಿಲ್ ಹದಿನೈದರೊಳಗೆ ನೀವು ಇಲ್ಲಿಲ್ಲವೆಂದು ತೋರಿಸದಿದ್ದರೆ ವೋಚರು ಹೋಗುತ್ತದೆ.

ವೋಚರು ಹೋದರೆ ಈಸ್ಟ್‌ಗೇಟಿನಲ್ಲಿರುವ ನನ್ನ ತಂಗಿ ಕೌಸಲ್ಯಳ ಮನೆಯ ನೆಲಮಾಳಿಗೆಯೇ ಗತಿ. ಅವಳು ಆಗಲೇ ಗುಡಿಸಿ ಇಟ್ಟಿದ್ದಾಳೆ. "ಅಕ್ಕಾ, ವಾಷಿಂಗ್ ಮಷೀನ್ ಪಕ್ಕದಲ್ಲೇ ಇದೆ, ನಿಂಗೂ ಅನುಕೂಲ" ಎನ್ನುತ್ತಾಳೆ. ಯಾರ ಬಟ್ಟೆ ಯಾರು ಒಗೆಯಬೇಕಾಗುತ್ತದೆಂದು ನನಗೆ ಗೊತ್ತಿದೆ. ಶರ್ವಾಣಿಯ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಇದೆ. ಅವಳು ಎಲ್ಲಿಂದ ಎಲ್ಲಿಗೆ ಓಡಾಡಬೇಕು?

ಆದ್ದರಿಂದ ನಿಮ್ಮದೇ ಕೈಬರಹದಲ್ಲಿ 'ನಾನು ಟಕ್ವಿಲಾದಲ್ಲಿ ವಾಸವಾಗಿಲ್ಲ' ಎಂದು ಬರೆದು, ರುಜು ಹಾಕಿ, ಅಂಚೆಯಲ್ಲೇ ಕಳಿಸಿ. ಫೋನು, ವಾಟ್ಸಾಪು ನಡೆಯುವುದಿಲ್ಲ. ಲಕೋಟೆಯ ಮೇಲಿನ ಮೈಸೂರಿನ ಮುದ್ರೆಯೇ ಸಾಕ್ಷಿ. ಒಂದು ಸಾಲು ಸಾಕು. ಇಲ್ಲಿ ಇಲ್ಲದಿರುವುದು ನಿಮಗೆ ಕಷ್ಟವೇನಲ್ಲ, ಎಂಟು ವರ್ಷದಿಂದ ಚೆನ್ನಾಗಿಯೇ ಅಭ್ಯಾಸ ಮಾಡಿದ್ದೀರಿ.

ವಸಂತಲಕ್ಷ್ಮಿ


ಬೋಗಾದಿ, ಮೈಸೂರು
ಫೆಬ್ರವರಿ 22, 2026

ಪ್ರೀತಿಯ ವಸಂತಾ,

ನಿನ್ನ ಕೈಬರಹ ಮರೆಯುವುದುಂಟೇ? ನೀನು 'ಳ' ಬರೆದರೆ ಬಾಲ ಕಳೆದುಕೊಂಡ ಇಲಿಯ ಹಾಗೆ ಕಾಣುತ್ತದೆ, ಈಗಲೂ ಹಾಗೆಯೇ ಇದೆ. ಇಡೀ ಊರಿಗೆ ಬೋರ್ಡು ಬರೆದುಕೊಡುವವನ ಹೆಂಡತಿ ನೀನು, ಆಗಲೇ ತಿದ್ದಿಸಬೇಕಿತ್ತು.

ಅಮೆರಿಕದ ಲಕೋಟೆ ನೋಡಿ ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟೆ. ನೀನು ಬರೆದದ್ದನ್ನು ಮೂರು ಸಲ ಓದಿದರೂ ಧೈರ್ಯ ಬಾರದೆ, ಎದುರು ಮನೆಯ ವಕೀಲ ರಾಕೇಶನಿಗೆ ತೋರಿಸಿದೆ. ಅವನು ಕನ್ನಡಕ ಏರಿಸಿಕೊಂಡು, "ಸಾರ್, ಇದು ಡೈವೋರ್ಸಿಗೆ ಪೀಠಿಕೆ. ನಾನು ಅಲ್ಲಿಲ್ಲ ಅಂತ ನೀವೇ ಬರ್ಕೊಟ್ರೆ, ಬಿಟ್ಟು ಹೋದ ಅಂತ ಕೋರ್ಟಲ್ಲಿ ತೋರಿಸ್ತಾರೆ" ಎಂದ. ನಾನು ನಂಬಲಿಲ್ಲ. ಆದರೂ ಹುಷಾರಿಗೆ ಇರಲೆಂದು ಅವನು ಹೇಳಿದ ಒಂದೇ ಒಂದು ಪದ ಸೇರಿಸಿದ್ದೇನೆ. 'ನಾನು ಸದ್ಯಕ್ಕೆ ಟಕ್ವಿಲಾದಲ್ಲಿ ವಾಸವಾಗಿಲ್ಲ.'

ಸರ್ಕಾರಿ ಕೆಲಸವೆಂದು ಒಳ್ಳೆಯ ಡ್ರಾಯಿಂಗ್ ಕಾಗದದ ಮೇಲೆ ಬರೆದಿದ್ದೇನೆ. ಸುತ್ತ ಬಳ್ಳಿ, ಮೂಲೆಗೊಂದು ಹಂಸ. 'ಇಲ್ಲ' ಎಂಬುದಕ್ಕೆ ನೆರಳು ಕೊಟ್ಟು ಎದ್ದು ಕಾಣುವಂತೆ ಮಾಡಿದ್ದೇನೆ. ಮೂರು ದಿನ ಹಿಡಿಯಿತು. ನಿಮ್ಮ ಕೆಲ್ವಿನ್ನನಿಗೆ ಗೊತ್ತಾಗಲಿ, ಇಲ್ಲದಿರುವವನೂ ಎಂಥವನು ಎಂದು.

ಕೌಸಲ್ಯಳ ನೆಲಮಾಳಿಗೆಗೆ ಮಾತ್ರ ಹೋಗಬೇಡ. ನಿನ್ನ ಗೊರಕೆಗೆ ಮೇಲಿನ ಅಂತಸ್ತಿನವರೆಲ್ಲ ಎದ್ದು ಕೂರುತ್ತಾರೆ. ನೀನು ಒಪ್ಪಿಕೊಳ್ಳುತ್ತಿರಲಿಲ್ಲ, ನನ್ನದೇ ಎನ್ನುತ್ತಿದ್ದೆ. ಈಗ ಎಂಟು ವರ್ಷದಿಂದ ಒಬ್ಬನೇ ಮಲಗಿ ನೋಡಿದ್ದೇನೆ, ಮನೆ ನಿಶ್ಶಬ್ದವಾಗಿದೆ. ಆದ್ದರಿಂದ ಅದು ನಿನ್ನದೇ.

ಒಂದು ಫೋಟೋ ಇಟ್ಟಿದ್ದೇನೆ. ಅಪ್ಪನ ಸೈಟು ಕೊನೆಗೂ ನನ್ನ ಪಾಲಿಗೆ ಬಂತು. ಎರಡು ಕೋಣೆ, ಒಂದು ಹಜಾರ ಕಟ್ಟಿದೆ. ಬಾಗಿಲ ಮೇಲಿನ ಬೋರ್ಡು ಓದು. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಇನ್ನೊಂದು ಬರೆದಿಲ್ಲ.

ಇನ್ನೊಂದು ಮಾತು. ಆ ದುಭಾಷಿ ಕೇಳಿದಾಗ 'ಇದ್ದಾರೆ' ಎಂದೆಯಲ್ಲ, ಅದನ್ನು ಓದಿ ಆವತ್ತು ಎರಡು ಹೊತ್ತೂ ಊಟ ಮಾಡಿದೆ.

ಅಶ್ವತ್ಥ


ಟಕ್ವಿಲಾ
ಮಾರ್ಚ್ 9, 2026

ಶರ್ವಾಣಿಯ ಅಪ್ಪನಿಗೆ,

ಒಂದು ಸಾಲು ಕೇಳಿದ್ದೆ. ನೀವು ನನ್ನ ಮಾನವನ್ನು ಲಕೋಟೆಯಲ್ಲಿ ತುಂಬಿ ಕಳಿಸಿದ್ದೀರಿ.

ಲಕೋಟೆ ಒಡೆದರೆ ಸಾಕ್ಷಿ ಕೆಡುತ್ತದೆಂದು ಶರ್ವಾಣಿ ಹೆದರಿಸಿದ್ದರಿಂದ ನಾನು ಹಾಗೇ ಕಚೇರಿಗೆ ಒಯ್ದೆ. ಕೆಲ್ವಿನ್ ನನ್ನೆದುರಿಗೇ ಒಡೆದ. ಒಳಗಿರುವುದೆಲ್ಲ ಅನುವಾದವಾಗಬೇಕು ಎಂಬುದು ಹೊಸ ನಿಯಮವಂತೆ. ಒಂದೊಂದೇ ಪುಟದ ಚಿತ್ರ ತೆಗೆದು ಆ ಸ್ವಪ್ನಾಳಿಗೆ ಕಳಿಸಿ, ಅವಳನ್ನು ಸ್ಪೀಕರಿನಲ್ಲಿ ಹಾಕಿದ. ಪಕ್ಕದ ಮೇಜಿನವರೂ ಕೆಲಸ ಬಿಟ್ಟು ಕೇಳಿದರು.

ಮೊದಲು ನಿಮ್ಮ ಹಂಸಗಳು. ಕೆಲ್ವಿನ್ ಕಾಗದವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೈಬರಹ ಕೇಳಿದರೆ ಅಚ್ಚು ಹಾಕಿಸಿದ ಪ್ರಶಸ್ತಿಪತ್ರ ಏಕೆ ತಂದಿದ್ದೀರಿ ಎಂದ. ಇದು ಕೈಬರಹವೇ, ನನ್ನ ಗಂಡ ಇಂಥವರೇ ಎಂದು ಹೇಳುವಷ್ಟರಲ್ಲಿ ಬಾಯಿ ಒಣಗಿತು. ಆಮೇಲೆ ನಿಮ್ಮ 'ಸದ್ಯಕ್ಕೆ'. ಸದ್ಯಕ್ಕೆ ಇಲ್ಲವೆಂದರೆ ಯಾವಾಗ ಬರುತ್ತಾರೆ, ಸಂಜೆಗೋ ಎಂದು ಕೇಳಿದ.

ಆಮೇಲೆ ಗೊರಕೆ. ಸ್ವಪ್ನಾ ಅದನ್ನೂ ಬಿಡಲಿಲ್ಲ. "ಬಾಯಾರ, ನಾ ಏನ್ ಮಾಡ್ಲಿ, ಬರದಿದ್ದೆಲ್ಲಾ ಹೇಳಬೇಕ್ರಿ" ಎಂದು ನನಗೆ ಕನ್ನಡದಲ್ಲಿ ಕ್ಷಮೆ ಕೇಳಿ, ಅವನಿಗೆ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ಕೆಲ್ವಿನ್ ಬಹಳ ಗಂಭೀರವಾಗಿ ಕೇಳಿದ, ಇದು ವೈದ್ಯಕೀಯ ತೊಂದರೆಯೇ, ಇದಕ್ಕಾಗಿ ಪ್ರತ್ಯೇಕ ಮಲಗುವ ಕೋಣೆ ಬೇಕೆಂದು ಅರ್ಜಿ ಹಾಕುತ್ತೀರಾ ಎಂದು. ಅದಕ್ಕೂ ಒಂದು ಫಾರಂ ಇದೆಯಂತೆ. ಈಗ ನನ್ನ ಚೀಲದಲ್ಲಿದೆ.

ಇಷ್ಟಾದರೂ ತಡೆದುಕೊಂಡೆ. ಕೊನೆಗೆ ಫೋಟೋ. ಬೋರ್ಡಿನ ಮೇಲೆ ಏನಿದೆ ಎಂದು ಕೆಲ್ವಿನ್ ಕೇಳಿದ. ಸ್ವಪ್ನಾ ಓದಿದಳು, 'ವಸಂತಲಕ್ಷ್ಮಿ ನಿಲಯ'. ಅವನು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಹೊಸ ನಿಯಮದಲ್ಲಿ ಅದೂ ಇದೆ. ವಾಸಕ್ಕೆ ಯೋಗ್ಯವಾದ ಸ್ವಂತ ಮನೆ ಇದ್ದವರಿಗೆ ವೋಚರು ಇಲ್ಲ. ಗಂಡ ಎಲ್ಲಿದ್ದಾನೆಂಬುದು ಹಿಂದೆ ಹೋಯಿತು, ಈಗ ನಾನು ಮನೆಯೊಡತಿಯಾಗಿ ಸಿಕ್ಕಿಬಿದ್ದಿದ್ದೇನೆ. ನನ್ನ ಹೆಸರಿನದೊಂದು ಮನೆ ಇದೆ ಎಂಬುದನ್ನು ನಾನು ಕಚೇರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಮುಖ ನೋಡದ ಹೆಂಗಸಿನ ಬಾಯಿಂದ ಕೇಳಬೇಕಾಯಿತೇ?

ಹೇಳಿ, ಆ ಮನೆ ನನ್ನ ಹೆಸರಿನಲ್ಲಿದೆಯೋ ಇಲ್ಲವೋ? ಖಾತೆಯ ನಕಲು ಕೂಡಲೇ ಕಳಿಸಿ. ನನ್ನ ಹೆಸರಿನಲ್ಲಿದ್ದರೆ ನನ್ನ ಜಾಗ ಕೌಸಲ್ಯಳ ವಾಷಿಂಗ್ ಮಷೀನಿನ ಪಕ್ಕ. ಇನ್ನೊಂದು ಸಲ 'ವಾಸವಾಗಿಲ್ಲ' ಎಂದು ಬರೆಯಿರಿ. ಸದ್ಯಕ್ಕೆ ಬೇಡ. ಹಂಸವೂ ಬೇಡ. ಡೈವೋರ್ಸು ಬೇಕಿದ್ದರೆ ನೇರವಾಗಿ ಕೇಳುತ್ತಿದ್ದೆ, ನನಗೆ ಪೀಠಿಕೆ ಹಾಕುವ ಅಭ್ಯಾಸವಿಲ್ಲ ಎಂದು ನಿಮ್ಮ ವಕೀಲರಿಗೂ ತಿಳಿಸಿ.

ವಸಂತಲಕ್ಷ್ಮಿ


ಮೈಸೂರು
ಮಾರ್ಚ್ 24, 2026

ವಸಂತಾ,

ಮನೆ ನಿನ್ನದಲ್ಲ. ಸೈಟು, ಕಟ್ಟಡ, ಖಾತೆ ಎಲ್ಲ ನನ್ನ ಹೆಸರಿನಲ್ಲಿವೆ. ನಕಲು ಇಟ್ಟಿದ್ದೇನೆ. ಬೋರ್ಡಿನಲ್ಲಿರುವುದು ಬರೀ ಹೆಸರು.

ನಾನು ಟಕ್ವಿಲಾದಲ್ಲಿ ವಾಸವಾಗಿಲ್ಲ.

ಬಾಲ್ ಪೆನ್ನಿನಲ್ಲಿ ಬರೆದಿದ್ದೇನೆ. ಅಕ್ಷರವನ್ನು ಬೇಕೆಂದೇ ಕೆಡಿಸಿದ್ದೇನೆ.

ಅಶ್ವತ್ಥ


ಟಕ್ವಿಲಾ
ಏಪ್ರಿಲ್ 9, 2026

ಶರ್ವಾಣಿಯ ಅಪ್ಪನಿಗೆ,

ಕಾಗದಗಳನ್ನು ಕೆಲ್ವಿನ್ ಒಪ್ಪಿಕೊಂಡ. ವೋಚರು ಉಳಿಯಿತು. ಮುಂದಿನ ತಿಂಗಳು ಫೋನಿನಲ್ಲಿ ಕೊನೆಯ ಸಲ ಎಲ್ಲವನ್ನೂ ಓದಿ ಹೇಳಿಸಿ ಫೈಲು ಮುಚ್ಚುತ್ತಾರಂತೆ. ಕೌಸಲ್ಯಳಿಗೆ ಫೋನು ಮಾಡಿ, "ನಿನ್ನ ಬೇಸ್‌ಮೆಂಟಲ್ಲಿ ಬೇರೆ ಏನಾದ್ರೂ ಇಟ್ಕೊಳ್ಳೇ" ಎಂದೆ. ಅವಳ ಗಂಡ ಆಫೀಸಿನಿಂದ ಬರುವಾಗ ಆ ನೆಲಮಾಳಿಗೆಗೆಂದು ನಿಂತಲ್ಲೇ ಓಡುವ ಮಷೀನು ತಂದಿಟ್ಟಿದ್ದಾನೆ. ಒಳ್ಳೆಯದಾಯಿತು, ಅವಳೇ ಓಡಲಿ.

ಸಂತೋಷವಾಗಬೇಕಿತ್ತು. ಆಗಲಿಲ್ಲ, ಏಕೆಂದು ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಖಾತೆಯ ನಕಲನ್ನು ನಾಲ್ಕು ಸಲ ಓದಿದೆ. ಎಲ್ಲೂ ನನ್ನ ಹೆಸರಿಲ್ಲ. ಅದು ಇರಬಾರದೆಂದು ವಾರಗಟ್ಟಲೆ ದೇವರಿಗೆ ಹರಕೆ ಹೊತ್ತವಳು ನಾನೇ. ಇಲ್ಲ ಎಂದು ಗೊತ್ತಾದ ಮೇಲೆ ಅಳು ಬಂತು. ಬರೀ ಹೆಸರು ಎಂದು ಬರೆದಿರಿ. ಜಾಗ ನಿಮ್ಮದು, ಗೋಡೆ ನಿಮ್ಮದು, ಬಾಗಿಲ ಮೇಲಿನ ಬಣ್ಣ ಮಾತ್ರ ನನ್ನದೇ? ನಾಳೆ ಹಳೆಯದಾದರೆ ಉಜ್ಜಿ ಹಾಕಬಹುದು ಎಂದೇ?

ಎರಡು ತಿಂಗಳು ಎಂದಿರಿ. ನಾನು ಒಂದು ವರ್ಷ ನಿಮ್ಮ ಚಪ್ಪಲಿಯನ್ನು ಬಾಗಿಲಲ್ಲೇ ಇಟ್ಟಿದ್ದೆ. ಈಗ ನನ್ನ ಹೆಸರನ್ನು ನೀವು ಬಾಗಿಲಲ್ಲಿ ಇಟ್ಟಿದ್ದೀರಿ. ಬೇಡ, ಆ ಬೋರ್ಡು ತೆಗೆದುಬಿಡಿ.

ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ, ಕಚೇರಿಯವರು ಕೇಳಿಲ್ಲ.

ವಸಂತಲಕ್ಷ್ಮಿ


ಮೈಸೂರು
ಏಪ್ರಿಲ್ 25, 2026

ವಸಂತಾ,

ಕಚೇರಿಯವರು ಕೇಳದಿದ್ದರೂ ಬರೆಯುತ್ತಿದ್ದೇನೆ. ಇದನ್ನು ಮನೆಯಲ್ಲೇ ಒಡೆದು ಓದು.

ಇದರ ಜೊತೆ ಇನ್ನೊಂದು ನಕಲಿದೆ. ಅದು ದಾನಪತ್ರ. ಮನೆಯನ್ನು ಪೂರ್ತಿಯಾಗಿ ನಿನ್ನ ಹೆಸರಿಗೆ ಕೊಡುವುದಾಗಿ ಜನವರಿಯಲ್ಲೇ, ನಿನ್ನ ಮೊದಲ ಪತ್ರ ಬರುವ ಮುಂಚೆಯೇ, ರಾಕೇಶನ ಕೈಲಿ ಬರೆಸಿದ್ದೆ. ತಾರೀಖು ನೋಡಿಕೋ. ನೋಂದಣಿ ಕಚೇರಿಯಲ್ಲಿ ನಮಗೆ ಸಮಯ ಕೊಟ್ಟಿದ್ದು ಮಾರ್ಚ್ ಇಪ್ಪತ್ತೈದಕ್ಕೆ. ನಿನ್ನ ಪತ್ರ ಇಪ್ಪತ್ತಮೂರಕ್ಕೆ ಬಂತು. ಓದಿದವನೇ ರಾಕೇಶನ ಮನೆಗೆ ಓಡಿ ಬೇಡವೆಂದೆ. "ಏನ್ ಸಾರ್, ಜನವರೀಲಿ ಹೆಂಡ್ತಿಗೆ ಮನೆ ಅಂದ್ರಿ, ಈಗ ಬೇಡ ಅಂತೀರಿ, ಜಗಳಾನಾ?" ಎಂದ. ಇಲ್ಲಪ್ಪ, ಅವಳ ಮನೆ ಉಳಿಯಬೇಕಾದರೆ ಅವಳಿಗೆ ಮನೆ ಕೊಡಬಾರದು ಎಂದೆ. ಅವನಿಗೆ ಇನ್ನೂ ಅರ್ಥವಾಗಿಲ್ಲ. ನಿನಗೆ ಹೇಳಲಿಲ್ಲ, ಏಕೆಂದರೆ ಗೊತ್ತಿದ್ದರೆ ಅದನ್ನೂ ನೀನು ಯಾವುದಾದರೂ ಫಾರಮಿನಲ್ಲಿ ಒಪ್ಪಿಕೊಂಡು ಬರುವವಳು. ಸುಳ್ಳು ಹೇಳಲು ನಿನಗೆ ಬರುವುದಿಲ್ಲ. 'ಇಲ್ಲ' ಎಂಬ ಎರಡಕ್ಷರವೇ ಬಾಯಿಗೆ ಬರಲಿಲ್ಲವಲ್ಲ.

ಹಳೆಯದನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ನಿನ್ನ ಜೊತೆ ಇದ್ದಷ್ಟೂ ವರ್ಷ ನಾನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ. ನನ್ನ ಕೈ ಒಂದು ಅಕ್ಷರ ಬರೆಯಲಿಲ್ಲ. ಇಲ್ಲಿಗೆ ಬಂದ ವಾರವೇ ಹೋಟೆಲಿನವನೊಬ್ಬ ಬೋರ್ಡು ಬರೆಯಲು ಕರೆದ. ಬ್ರಷ್ಷು ಹಿಡಿದ ಮೇಲೆ ವಾಪಸು ಹೊರಡಲು ಮನಸ್ಸು ಬರಲಿಲ್ಲ. ಇದನ್ನು ನಿನಗೆ ಹೇಳಲು ನಾಚಿಕೆಯಾಯಿತು. ಸೈಟಿನ ತಕರಾರು, ಜ್ವರ, ವಿಮಾನದ ದರ ಎಂದು ಒಂದೊಂದೇ ನೆಪ ಹೇಳುತ್ತ ಹೋದೆ. ನೀನು ಫೋನು ಎತ್ತುವುದು ನಿಲ್ಲಿಸಿದ ದಿನ ನನಗೆ ಸಮಾಧಾನವಾಯಿತು, ಅದೇ ನನ್ನ ದೊಡ್ಡ ತಪ್ಪು. ಚಪ್ಪಲಿಯ ವಿಷಯ ನನಗೆ ಗೊತ್ತಿರಲಿಲ್ಲ. ಅದನ್ನು ಓದಿ ತುಂಬಾ ಸಂಕಟವಾಯಿತು.

ನೀನು ಹೇಳಿದಂತೆ ಬೋರ್ಡು ತೆಗೆಯಲು ಏಣಿ ಹತ್ತಿದೆ. ಸಿಮೆಂಟಿನಲ್ಲಿ ಕೂರಿಸಿದ್ದರಿಂದ ಕಳಚಲಾಗಲಿಲ್ಲ. 'ವಸಂತಲಕ್ಷ್ಮಿ' ಎಂಬುದರ ಮೇಲೆ ಬಿಳಿ ಬಣ್ಣ ಬಳಿದು ಕೆಳಗಿಳಿದೆ. ಈಗ ಬರೀ 'ನಿಲಯ' ಎಂದಿದೆ. ಎರಡು ದಿನದಲ್ಲಿ ನಾಲ್ಕು ಜನ ಹಾಸ್ಟೆಲ್ಲು ಎಂದುಕೊಂಡು ಬಂದು ಸೀಟಿದೆಯಾ ಎಂದು ಕೇಳಿದ್ದಾರೆ. ಒಬ್ಬರು ಟ್ರಂಕನ್ನೇ ಇಳಿಸಿಬಿಟ್ಟಿದ್ದರು. ಇಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ದಾನಪತ್ರವನ್ನು ಏನು ಮಾಡಲಿ? ನೀನೇ ಹೇಳು.

ಅಶ್ವತ್ಥ


ಟಕ್ವಿಲಾ
ಮೇ 12, 2026

ಮನೆಯವರಿಗೆ,

ದಾನಪತ್ರವನ್ನು ಬೀರುವಿನಲ್ಲಿಡಿ. ನುಸಿಗುಳಿಗೆ ಹಾಕಿ. ಶರ್ವಾಣಿಯ ಓದು ಮುಗಿದು ಅವಳು ಸಂಬಳ ತರಲಿ, ನಾನು ವೋಚರನ್ನು ಕೆಲ್ವಿನ್ನನ ಮೇಜಿನ ಮೇಲೆ ನನ್ನ ಕೈಯಾರೆ ಇಟ್ಟು ಬರುತ್ತೇನೆ. ಆಮೇಲೆ ನೋಂದಣಿ ಮಾಡಿಸಿ. ಅಲ್ಲಿಯವರೆಗೆ ಅದು ನಿಮ್ಮದೇ ಇರಲಿ. ಮದುವೆಯಾದ ಮೇಲೆ ನೀವು ಕೊಟ್ಟ ಮೊದಲ ದೊಡ್ಡ ಉಡುಗೊರೆಯನ್ನು ಕೊಡಬೇಡಿ ಎಂದು ನಾನೇ ಬರೆಯಬೇಕಾಯಿತು ನೋಡಿ, ನನ್ನ ಹಣೆಬರಹ.

ನಿಮ್ಮ ನಾಚಿಕೆಯ ವಿಷಯ ಓದಿದೆ. ಸಿಟ್ಟು ಪೂರ್ತಿ ಹೋಗಿಲ್ಲ. ಪೆಟ್ಟಿಗೆ ಎತ್ತಲಾರೆ, ಬೋರ್ಡು ಬರೆಯಬೇಕು ಎಂದು ಅಂದೇ ಹೇಳಿದ್ದರೆ ಎರಡು ದಿನ ಜಗಳವಾಡಿ ಸುಮ್ಮನಾಗುತ್ತಿದ್ದೆ. ಎರಡು ದಿನದ ಜಗಳಕ್ಕೆ ಹೆದರಿ ಎಂಟು ವರ್ಷ ಕಳೆದಿರಿ. ಇನ್ನು ಮುಂದೆ ಬೈಯಿಸಿಕೊಳ್ಳುವುದನ್ನು ಆಗಿಂದಾಗಲೇ ಬೈಯಿಸಿಕೊಂಡುಬಿಡಿ. ಭಾನುವಾರ ನಾನು ಮನೆಯಲ್ಲಿರುತ್ತೇನೆ, ಫೋನು ಎತ್ತುತ್ತೇನೆ.

ನಿನ್ನೆ ಕಚೇರಿಯ ಕೊನೆಯ ಫೋನು ಬಂತು. ಅದೇ ಕೆಲ್ವಿನ್, ಅದೇ ಸ್ವಪ್ನಾ. ಅವಳು ಈಗ ನಮ್ಮ ಸಂಬಂಧಿಕಳ ಹಾಗೆ ಆಗಿಬಿಟ್ಟಿದ್ದಾಳೆ. ಮೊದಲು ಗೊರಕೆ ಹೇಗಿದೆ ಎಂದು ವಿಚಾರಿಸಿಕೊಂಡಳು. ಆಮೇಲೆ ದನಿ ಬದಲಾಯಿಸಿ, "ಬಾಯಾರ, ಇವತ್ತ ಸರಿಯಾಗಿ ಹೇಳ್ರಿ, ಮತ್ತ ಗದ್ದಲ ಬ್ಯಾಡ. ಮನಿಯವರು ಅದಾರೋ, ಇಲ್ಲೋ?" ಎಂದಳು.

"ಇದ್ದಾರೆ. ಈ ಮನೇಲಿಲ್ಲ. ಎರಡನ್ನೂ ಬರ್ಕೊಳ್ಳಿ" ಎಂದೆ.

ಅವಳು ಅದನ್ನು ಹಾಗೆಯೇ ಅವನಿಗೆ ಹೇಳಿದಳು. ಅವನ ಫಾರಮಿನಲ್ಲಿ ಎರಡನ್ನೂ ಬರೆಯಲು ಜಾಗವಿರಲಿಲ್ಲವಂತೆ, ಪಕ್ಕದ ಅಂಚಿನಲ್ಲಿ ಬರೆದುಕೊಂಡ. ಫೈಲು ಮುಚ್ಚಿತು.

ಬೋರ್ಡಿನ ಬಿಳಿ ಬಣ್ಣ ಕೆರೆದು ತೆಗೆಯಿರಿ. ಹಾಸ್ಟೆಲ್ಲು ನಡೆಸುವ ವಯಸ್ಸಲ್ಲ ನಿಮ್ಮದು. ಹೆಸರನ್ನು ಮತ್ತೆ ಬರೆಯುವಾಗ ಮೊದಲಿನಷ್ಟೇ ಚೆನ್ನಾಗಿ ಬರೆಯಿರಿ, ಹಂಸ ಬೇಕಿದ್ದರೆ ಹಾಕಿಕೊಳ್ಳಿ. ಬರೆದಾದ ಮೇಲೆ ಫೋಟೋ ಕಳಿಸಿ, ಈ ಸಲ ನನಗೊಬ್ಬಳಿಗೇ.

ಶರ್ವಾಣಿಗೆ ಪರೀಕ್ಷೆ ಇದೆ, ಅವಳನ್ನು ಕರೆಯಲಿಲ್ಲ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ನಾನೇ ಬರೆದಿದ್ದೇನೆ. ಮೊದಲ ಸಲ, ಆದ್ದರಿಂದ ಸಾಲು ಸ್ವಲ್ಪ ಸೊಟ್ಟಗಾಗಿದೆ. ಅಕ್ಷರ ನೋಡಿ ನಗಬೇಡಿ.

ವಸಂತಾ